ಸೇದುವವರು ಕಡಿಮೆಯಾದರೆ ಬೆಳೆಯುವವನ ಸಾಲ ತೀರಿಸುವವರು ಯಾರು?

(ಹೊಗೆಸೊಪ್ಪು ಬೆಳೆಗಾರರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಹೊಗೆಸೊಪ್ಪು ಬೆಳೆಯುವ ಊರಿಗೇ ಬಂದು ಬೀಡಿ ಸಿಗರೇಟು ಬಿಡಿ ಅಂತ ಭಾಷಣ ಮಾಡುವವರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಪಟ್ಟಣದಿಂದ ಜೀಪಿನಲ್ಲಿ ಬರುತ್ತಾರೆ, ಕೊಳೆತ ಶ್ವಾಸಕೋಶದ ಚಿತ್ರ ತೋರಿಸುತ್ತಾರೆ, ಟೀ ಕುಡಿದು ಹೋಗುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡೋಣ. ಆದರೆ ಅದು ಅರ್ಧ ಮಾತು. ಉಳಿದರ್ಧ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿದೆ, ಬ್ಯಾರನ್ನಿನ ಸೌದೆ ಲೆಕ್ಕದಲ್ಲಿದೆ. ಅದನ್ನು ಅವರು ಹೇಳುವುದಿಲ್ಲ, ಅವರಿಗೆ ಗೊತ್ತೂ ಇಲ್ಲ. ಇವತ್ತು ನಾನು ಎರಡನ್ನೂ ಕೂಡಿಸಿ ಹೇಳಬೇಕೆಂದಿದ್ದೇನೆ. ಮರದ ಬುಡದಲ್ಲಿ ಬೀಡಿ ಹಚ್ಚಿಕೊಂಡು ಕೂತವರಿಗೆ ಆರಿಸಿ ಅಂತ ನಾನು ಹೇಳುವುದಿಲ್ಲ, ಕೇಳಿದ ಮೇಲೆ ನೀವೇ ತೀರ್ಮಾನ ಮಾಡಿ.

ಮೊದಲು ಸೇದುವವರ ಲೆಕ್ಕ. ಕೇಂದ್ರ ಆರೋಗ್ಯ ಇಲಾಖೆ 2009-10ರಲ್ಲಿ ದೇಶದ ತುಂಬ ಸಮೀಕ್ಷೆ ಮಾಡಿಸಿತು. ವಯಸ್ಕರಲ್ಲಿ ನೂರಕ್ಕೆ 34.6 ಮಂದಿ ಒಂದಲ್ಲ ಒಂದು ರೀತಿ ತಂಬಾಕು ಉಪಯೋಗಿಸುತ್ತಿದ್ದರು. 2016-17ರಲ್ಲಿ ಮತ್ತೆ ಎಣಿಸಿದಾಗ ಅದು 28.6ಕ್ಕೆ ಇಳಿದಿತ್ತು. ಸೇದುವವರನ್ನಷ್ಟೇ ತೆಗೆದುಕೊಂಡರೆ 14ರಿಂದ 10.7ಕ್ಕೆ. ನಮ್ಮ ಕರ್ನಾಟಕದಲ್ಲಿ ಒಟ್ಟು ಬಳಕೆ 28.2 ಇದ್ದದ್ದು 22.8 ಆಯಿತು. ಇಷ್ಟಾದರೂ ದೇಶದಲ್ಲಿ ತಂಬಾಕು ಬಳಸುವವರು ಆಗ 26 ಕೋಟಿಗೂ ಮೇಲಿದ್ದರು. ಅಂದರೆ ನಾಳೆ ಬೆಳಗ್ಗೆ ನಿಮ್ಮ ಮಾರುಕಟ್ಟೆ ಬಾಗಿಲು ಮುಚ್ಚುವುದಿಲ್ಲ. ಆದರೆ ಇಳಿಜಾರು ಯಾವ ಕಡೆಗಿದೆ ಎಂಬುದನ್ನು ಕುರುಡನೂ ಹೇಳಬಲ್ಲ.

ನಮ್ಮ ವರ್ಜೀನಿಯಾ ಎಲೆಯಲ್ಲಿ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದಲ್ಲ, ಅಲ್ಲಿನ ಇಳಿಜಾರು ಇನ್ನೂ ಕಡಿದು. ಅಮೆರಿಕದಲ್ಲಿ 1965ರಲ್ಲಿ ವಯಸ್ಕರು ನೂರಕ್ಕೆ 42 ಮಂದಿ ಸೇದುತ್ತಿದ್ದರು, 2022ಕ್ಕೆ 12ರ ಒಳಗೆ ಬಂದಿದ್ದಾರೆ. ಇಂಗ್ಲೆಂಡಿನಲ್ಲಿ 1974ರಲ್ಲಿ 45, ಈಗ ಅಲ್ಲಿಯೂ 13ರ ಒಳಗೆ. ಈ ಇಳಿತ ತಾನಾಗಿ ಆದದ್ದಲ್ಲ, ಎಪ್ಪತ್ತು ವರ್ಷ ಪಟ್ಟು ಹಿಡಿದು ಮಾಡಿದ್ದು.

ಅದು ಹೇಗೆ ಶುರುವಾಯಿತೆಂದು ತಿಳಿದುಕೊಳ್ಳುವುದು ಒಳ್ಳೆಯದು. ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನವರು ಯಾಕೆ ಹೆಚ್ಚುತ್ತಿದ್ದಾರೆ ಎಂದು ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬಿಬ್ಬರು ಹುಡುಕಲು ಹೊರಟರು. 1950ರಲ್ಲಿ ಸಿಗರೇಟಿನ ಮೇಲೆ ಬೆರಳಿಟ್ಟರು. ಕಂಪನಿಗಳು ನಕ್ಕವು. ಆಗ ಅವರು 1951ರಲ್ಲಿ ಇಂಗ್ಲೆಂಡಿನ ಡಾಕ್ಟರುಗಳಿಗೇ ಕಾಗದ ಬರೆದು, ನೀವು ಸೇದುತ್ತೀರಾ, ಎಷ್ಟು ಸೇದುತ್ತೀರಿ ಎಂದು ಕೇಳಿದರು. ಸುಮಾರು 34 ಸಾವಿರ ಗಂಡಸು ಡಾಕ್ಟರುಗಳು ಉತ್ತರ ಕೊಟ್ಟರು. ಅವರಲ್ಲಿ ಯಾರು ಯಾವಾಗ ಯಾವ ಕಾಯಿಲೆಯಿಂದ ಸತ್ತರು ಎಂಬುದನ್ನು 50 ವರ್ಷ, 2001ರ ತನಕ, ಬರೆದಿಟ್ಟರು. ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮುಂಚೆ ಹೋದರು. ಅದರಲ್ಲಿ ನಮಗೆ ಬೇಕಾದ ಇನ್ನೊಂದು ಮಾತೂ ಇದೆ. 60ನೇ ವಯಸ್ಸಿನಲ್ಲಿ ಬಿಟ್ಟವನಿಗೆ ಆ ಹತ್ತರಲ್ಲಿ 3 ವರ್ಷ ವಾಪಸು ಬಂತು, 50ರಲ್ಲಿ ಬಿಟ್ಟವನಿಗೆ 6, 40ರಲ್ಲಿ ಬಿಟ್ಟವನಿಗೆ 9. ಈ ವಯಸ್ಸಿಗೆ ಬಿಟ್ಟು ಏನಾಗಬೇಕು ಅಂತ ಗೊಣಗುವ ಯಜಮಾನರಿಗೆ ಇದಕ್ಕಿಂತ ನೆಟ್ಟಗೆ ಉತ್ತರ ಇಲ್ಲ.

ಅದು ಬಿಳಿಯರ ದೇಶದ್ದು, ನಮ್ಮ ಮೈಗೆ ಹಾಗಾಗುವುದಿಲ್ಲ ಎನ್ನುವವರೂ ಇದ್ದಾರೆ. ನಮ್ಮ ದೇಶದಲ್ಲೂ 11 ಲಕ್ಷ ಮನೆಗಳಲ್ಲಿ ಸಾವಿನ ಕಾರಣ ವಿಚಾರಿಸಿ ಮಾಡಿದ ಅಧ್ಯಯನ 2008ರಲ್ಲಿ ಹೊರಬಂತು. 30ರಿಂದ 69 ವಯಸ್ಸಿನ ಗಂಡಸರ ಸಾವಿನಲ್ಲಿ ಐದಕ್ಕೆ ಒಂದು ಸೇದುವುದರಿಂದ ಎಂದು ಅದು ಹೇಳಿತು. ಬೀಡಿಯೂ ಕೊಲ್ಲುತ್ತದೆ. ಅದಕ್ಕೆ ಮುಂಚೆ 2003ರಲ್ಲಿ ತಮಿಳುನಾಡಿನಲ್ಲಿ ಮಾಡಿದ ಅಧ್ಯಯನದಲ್ಲಿ, ಸೇದುವವನು ಕ್ಷಯದಿಂದ ಸಾಯುವ ಸಂಭವ ಸೇದದವನಿಗಿಂತ ಸುಮಾರು ನಾಲ್ಕು ಪಟ್ಟು ಎಂದು ತಿಳಿಯಿತು. ಈ 30-69 ಅಂದರೆ ಯಾವ ವಯಸ್ಸು? ಆರಂಬ ಮಾಡುವ ವಯಸ್ಸು, ಮಗಳ ಮದುವೆ ಮಾಡುವ ವಯಸ್ಸು, ಸಾಲಕ್ಕೆ ರುಜು ಹಾಕುವ ವಯಸ್ಸು. ಆ ರುಜು ಹಾಕಿದವನು ಹೋದರೆ ನೋಟೀಸು ಹೆಂಡತಿಯ ಹೆಸರಿಗೆ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಎಷ್ಟು ಎಕರೆ ಆಸ್ಪತ್ರೆ ಖರ್ಚಿಗೆಂದು ಕ್ರಯವಾಗಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ, ನಿಮ್ಮ ನಿಮ್ಮ ಬೀದಿಯನ್ನೇ ಜ್ಞಾಪಿಸಿಕೊಳ್ಳಿ.

ಸೇದದಿದ್ದರೂ ಬೆಳೆಗಾರನಿಗೆ ಒಂದು ಕಾಯಿಲೆ ಇದೆ. ಮಳೆಯಲ್ಲಿ, ಮಂಜಿನಲ್ಲಿ ಒದ್ದೆ ಎಲೆ ಮುರಿದು ಕಂಕುಳಲ್ಲಿ ಹೊತ್ತಾಗ ನಿಕೋಟಿನ್ ಚರ್ಮದೊಳಕ್ಕೇ ಇಳಿಯುತ್ತದೆ. ತಲೆಸುತ್ತು, ವಾಂತಿ, ಆ ರಾತ್ರಿ ನಿದ್ದೆ ಬರದು. ಬಿಸಿಲು ಬಡಿಯಿತು, ದೃಷ್ಟಿ ಆಯಿತು ಅಂದುಕೊಂಡು ಸುಮ್ಮನಿರುತ್ತೀರಿ. ಬಿಸಿಲಲ್ಲ, ಅದು ಎಲೆಯ ವಿಷ. ಮೈ ಮುಚ್ಚುವ ಬಟ್ಟೆ ಹಾಕಿ, ಒದ್ದೆ ಆರಿದ ಮೇಲೆ ಮುರಿಯಿರಿ. ಮಕ್ಕಳನ್ನಂತೂ ಎಲೆ ಮುರಿಯಲು ಬಿಡಬೇಡಿ.

ಇನ್ನು ಸರ್ಕಾರ ಮಾಡಿದ್ದು. 2003ರಲ್ಲಿ ಸಿಗರೇಟು ಮತ್ತು ತಂಬಾಕು ಪದಾರ್ಥಗಳ ಕಾಯಿದೆ ಬಂತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗಗಳಲ್ಲಿ ಸೇದುವುದು ನಿಂತಿತು, ಅಂದರೆ ನಿಲ್ಲಬೇಕೆಂದಾಯಿತು. 2016ರ ಏಪ್ರಿಲಿನಿಂದ ಪ್ಯಾಕಿನ ನೂರಕ್ಕೆ 85 ಭಾಗ ಎಚ್ಚರಿಕೆಯ ಚಿತ್ರವೇ ಇರಬೇಕೆಂದಾಯಿತು. ನಮ್ಮ ಹೈಕೋರ್ಟು 2017ರ ಡಿಸೆಂಬರಿನಲ್ಲಿ ಆ ನಿಯಮ ರದ್ದು ಮಾಡಿದರೆ, ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟು ಚಿತ್ರ ಉಳಿಸಿತು. 2019ರಲ್ಲಿ ಎಲೆಕ್ಟ್ರಾನಿಕ್ ಸಿಗರೇಟು ನಿಷೇಧ. ಕರ್ನಾಟಕ 2024ರಲ್ಲಿ ಹುಕ್ಕಾ ಬಾರು ಮುಚ್ಚಿಸಿ, ಮಾರುವ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ಮಸೂದೆ ಪಾಸು ಮಾಡಿತು, 2025ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆಯೂ ಸಿಕ್ಕಿತು. ಇದೆಲ್ಲ ಸರಿ, ನಾನು ಇದಕ್ಕೆ ವಿರೋಧ ಹೇಳುವವನಲ್ಲ.

ಆದರೆ ಒಂದು ಮಾತು ಕೇಳಿ. ಪ್ರತಿ ಸಲ ತೆರಿಗೆ ಏರಿಸುವ ಸುದ್ದಿ ಬಂದಾಗ, ಚಿತ್ರ ದೊಡ್ಡದು ಮಾಡುವ ಸುದ್ದಿ ಬಂದಾಗ, ಪತ್ರಿಕೆಯಲ್ಲಿ ರೈತನ ಹೆಸರು ಬರುತ್ತದೆ. ಬೆಳೆಗಾರರು ಬೀದಿಪಾಲಾಗುತ್ತಾರೆ, ತೆರಿಗೆ ಬೇಡ ಅಂತ. ಈ ಕಾಳಜಿ ಯಾರದು? ಒಂದು ಸಣ್ಣ ಲೆಕ್ಕ ಮಾಡೋಣ, ಸ್ಲೇಟು ಬಳಪ ಬೇಡ, ಬೆರಳಲ್ಲೇ ಆಗುತ್ತದೆ.

ಒಂದು ಸಿಗರೇಟಿನಲ್ಲಿ ಒಂದು ಗ್ರಾಮಿಗಿಂತ ಕಡಿಮೆ ತಂಬಾಕು ಇರುತ್ತದೆ. ಉದಾರವಾಗಿ ಒಂದು ಗ್ರಾಮೇ ಅನ್ನಿ. ಅಲ್ಲಿಗೆ ಒಂದು ಕಿಲೋ ಎಲೆಗೆ ಸಾವಿರ ಕಡ್ಡಿ. ಒಳ್ಳೆಯ ವರ್ಷದ ಬೆಲೆ ಅಂತ ಕಿಲೋಗೆ 250 ರೂಪಾಯಿ ಇಟ್ಟುಕೊಳ್ಳಿ. ಒಂದು ಕಡ್ಡಿಯಲ್ಲಿ ಬೆಳೆದವನಿಗೆ ಬಂದದ್ದು 25 ಪೈಸೆ. ಬೀಜ, ಪಟ, ಗೊಬ್ಬರ, ಕೂಲಿ, ಸೌದೆ, ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟ ರಾತ್ರಿ ಎಲ್ಲ ಆ 25 ಪೈಸೆಯ ಒಳಗೆ. ಅದೇ ಕಡ್ಡಿ ಅಂಗಡಿಯಲ್ಲಿ 10 ರೂಪಾಯಿಗೆ ಹೋದರೆ ನಿಮ್ಮ ಒಂದು ಕಿಲೋ 10 ಸಾವಿರ ರೂಪಾಯಿ ಆಯಿತು. 9,750 ರೂಪಾಯಿ ಸರ್ಕಾರಕ್ಕೆ, ಕಂಪನಿಗೆ, ಅಂಗಡಿಗೆ. ಕಡ್ಡಿಗೆ 10 ಇದ್ದದ್ದು 15 ಆದಾಗ ನಿಮಗೆ 25 ಪೈಸೆ ಹೋಗಿ 40 ಪೈಸೆ ಆಯಿತೇ? ಯಾವ ವರ್ಷ ಹಾಗಾಗಿದೆ ಹೇಳಿ. ನಮ್ಮ ಬೆಲೆ ಏರುವುದು ಬ್ರೆಜಿಲಿನಲ್ಲೋ ಜಿಂಬಾಬ್ವೆಯಲ್ಲೋ ಬೆಳೆ ಕೆಟ್ಟಾಗ, ಇಳಿಯುವುದು ಅವರಿಗೆ ಒಳ್ಳೆಯ ಮಳೆ ಬಂದಾಗ. ಅಂಗಡಿಯ ಬೆಲೆಗೂ ಹರಾಜು ಕಟ್ಟೆಯ ಬೆಲೆಗೂ ಇರುವ ನೆಂಟಸ್ತಿಕೆ ಅಷ್ಟೇ.

ಹಾಗಂತ ತೆರಿಗೆಯಿಂದ ನಮಗೆ ಏನೂ ಆಗುವುದಿಲ್ಲ ಎನ್ನುವುದೂ ಮೋಸದ ಮಾತಾಗುತ್ತದೆ. ಸೇದುವವರು ಕಡಿಮೆಯಾದ ಹಾಗೆ ಕೊಳ್ಳುವವನು ಕಡಿಮೆ ಕೊಳ್ಳುತ್ತಾನೆ, ಮಂಡಳಿ ಬೆಳೆಯ ಪ್ರಮಾಣ ಕಡಿತ ಮಾಡುತ್ತದೆ. ಪೆಟ್ಟು ಬೀಳುವುದು ಅಲ್ಲಿ. 2000-01ರಲ್ಲಿ ಆಂಧ್ರದಲ್ಲಿ ಮಾಲು ಹೆಚ್ಚಾಯಿತೆಂದು ಬೆಳೆಗೇ ರಜೆ ಘೋಷಿಸಿದ್ದರು. 2015ರಲ್ಲಿ ದರ ಕುಸಿದಾಗ ಪ್ರಕಾಶಂ ಜಿಲ್ಲೆಯಲ್ಲಿ ಬೆಳೆಗಾರರು ಆತ್ಮಹತ್ಯೆ ಮಾಡಿಕೊಂಡರು. ಆ ವರ್ಷ ಅವರ ಎಲೆ ಕೊಳ್ಳಲಿಲ್ಲ ಅಂತ ಯಾವ ಕಂಪನಿ ಮುಳುಗಿತು?

ಸರ್ಕಾರದ ಆಟವೂ ನೋಡುವಂಥದ್ದೇ. ಒಂದು ಕೈಯಲ್ಲಿ ಕೊಳೆತ ಶ್ವಾಸಕೋಶದ ಚಿತ್ರ. ಇನ್ನೊಂದು ಕೈಯಲ್ಲಿ, ದೇಶದ ಅತಿ ದೊಡ್ಡ ಸಿಗರೇಟು ಕಂಪನಿ ಐಟಿಸಿಯಲ್ಲಿ ಸರ್ಕಾರಿ ವಿಮಾ ಸಂಸ್ಥೆ ಎಲ್‌ಐಸಿಯ ಷೇರು. ಸಿಗರೇಟಿಗೆ 2026ರ ಫೆಬ್ರವರಿಯಿಂದ ನೂರಕ್ಕೆ 40 ಜಿಎಸ್‌ಟಿ, ಅದರ ಮೇಲೆ ಹೊಸ ಅಬಕಾರಿ ಸುಂಕ. ಬೀಡಿಗೆ ಮಾತ್ರ 18. ಬಡವನು ಸೇದುವುದು ಬೀಡಿ, ಬಡವನು ಸಾಯುವುದು ಬೀಡಿಯಿಂದ. ಆರೋಗ್ಯದ ಹೆಸರಿನಲ್ಲಿ ಹಾಕುವ ತೆರಿಗೆಗೆ ಆ ಆರೋಗ್ಯ ಕಾಣುವುದಿಲ್ಲ. ಇತ್ತ ತಂಬಾಕಿನಿಂದ ಬರುವ ಕಾಯಿಲೆ, ಸಾವುಗಳಿಂದ 2017-18ರ ಒಂದೇ ವರ್ಷ ದೇಶಕ್ಕಾದ ನಷ್ಟ 1 ಲಕ್ಷ 77 ಸಾವಿರ ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿದ್ದಾರೆ. ಬಿಡಿಸುವುದರಿಂದ ದೇಶಕ್ಕೆ ಲಾಭ ಎನ್ನುವುದಾದರೆ, ಆ ಲಾಭದಲ್ಲಿ ಬಿಡುವ ಬೆಳೆಗಾರನಿಗೂ ಪಾಲು ಬರಬೇಕಲ್ಲವೇ?

ಯಾಕೆ ಬೆಳೆಯುತ್ತೀರಿ, ರಾಗಿ ಹಾಕಿ, ಜೋಳ ಹಾಕಿ ಎನ್ನುವವರಿಗೆ ನಾವು ಉತ್ತರ ಕೊಡಬೇಕಾಗಿದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರ, ಅರಕಲಗೂಡಿನ ಕಡೆ ಸುಮಾರು 40 ಸಾವಿರ ನೋಂದಾಯಿತ ಬೆಳೆಗಾರರು ಈ ಎಲೆಗೆ ಅಂಟಿಕೊಂಡಿರುವುದು ಎಲೆಯ ಮೇಲಿನ ಪ್ರೀತಿಯಿಂದಲ್ಲ. 1975ರ ಕಾಯಿದೆಯಿಂದ ತಂಬಾಕು ಮಂಡಳಿ ಹುಟ್ಟಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಯಿತು. ಅಂದಿನಿಂದ ಲೈಸೆನ್ಸ್ ಇದ್ದವನಿಗೆ ಬ್ಯಾಂಕು ಕರೆದು ಸಾಲ ಕೊಡುತ್ತದೆ, ಗೊಬ್ಬರ ಬರುತ್ತದೆ, ಬೇಲು ಕಟ್ಟಿ ಕಂಪಲಾಪುರಕ್ಕೋ ರಾಮನಾಥಪುರಕ್ಕೋ ಒಯ್ದರೆ ಅವತ್ತೇ ತೂಕ, ಅವತ್ತೇ ದರ, ದುಡ್ಡು ಖಾತೆಗೆ. ಸಾಲ ಅಲ್ಲೇ ಮುರಿದುಕೊಳ್ಳುತ್ತಾರೆ. ಟೊಮೆಟೊ ಬೆಳೆದವನು ರಸ್ತೆಗೆ ಸುರಿದು ಬರುತ್ತಾನೆ, ಶುಂಠಿ ಹಾಕಿದವನು ಒಂದು ವರ್ಷ ರಾಜ ಇನ್ನೊಂದು ವರ್ಷ ಭಿಕಾರಿ. ಜೋಳಕ್ಕೆ ಬೆಂಬಲ ಬೆಲೆ ಕಾಗದದಲ್ಲಿದೆ, ಕೊಳ್ಳುವ ಕೇಂದ್ರ ಎಲ್ಲಿದೆ? ಇಂಥದ್ದೇ ಒಂದು ಕಟ್ಟೆ, ಇಂಥದ್ದೇ ಒಂದು ಸಾಲದ ವ್ಯವಸ್ಥೆ ರಾಗಿಗೆ, ಅವರೆಗೆ, ಅಲಸಂದೆಗೆ ಕೊಟ್ಟು ಆಮೇಲೆ ಬುದ್ಧಿ ಹೇಳಲಿ.

ಆದರೆ ಅಂಟಿಕೊಂಡ ಈ ಎಲೆಯೂ ನಮ್ಮನ್ನು ಸುಡುತ್ತಿದೆ. ಒಂದು ಕಿಲೋ ಎಲೆ ಹದ ಮಾಡಲು ನಾಲ್ಕೈದು ಕಿಲೋ ಸೌದೆ ಬೇಕು. ಮೊದಲು ಊರ ಗುಂಡುತೋಪು ಹೋಯಿತು, ಆಮೇಲೆ ಬೇಲಿ ಮರ ಹೋಯಿತು, ಈಗ ಲಾರಿಯಲ್ಲಿ ಕೊಂಡು ತರುತ್ತೀರಿ. ಸೌದೆಯ ಬೆಲೆ ಯಾರೂ ಹರಾಜು ಹಾಕಿ ಇಳಿಸುವುದಿಲ್ಲ.

ನಿಪ್ಪಾಣಿಯ ಕಡೆಯ ಬೀಡಿ ತಂಬಾಕಿನವರಿಗಂತೂ ಈ ಹರಾಜಿನ ಭಾಗ್ಯವೂ ಇಲ್ಲ. ವ್ಯಾಪಾರಿ ಹೇಳಿದ್ದೇ ದರ, ಅವನು ಕೊಟ್ಟಾಗಲೇ ದುಡ್ಡು. 1981ರಲ್ಲಿ ಶರದ್ ಜೋಶಿಯವರ ಮುಂದಾಳ್ತನದಲ್ಲಿ ಸಾವಿರಾರು ರೈತರು ಹೆದ್ದಾರಿಯಲ್ಲೇ ಕೂತರು. ಗೋಲಿಬಾರಿನಲ್ಲಿ ರೈತರು ಸತ್ತರು. ಕೇಳಿದ್ದು ಒಂದೇ, ಬೆಳೆದದ್ದಕ್ಕೆ ನ್ಯಾಯವಾದ ಬೆಲೆ. ಸೇದುವವರ ಆರೋಗ್ಯದ ಮಾತು ಆಗ ಯಾರೂ ಎತ್ತಿರಲಿಲ್ಲ. ಈಗ ಅದನ್ನು ಎತ್ತಿದ್ದಾರೆ, ಸಂತೋಷ. ಆದರೆ ಬೆಲೆಯ ಮಾತು ಕೆಳಗಿಟ್ಟಿದ್ದಾರೆ.

ಸೇದುವವರು ಕಡಿಮೆಯಾದ ದೇಶಗಳಲ್ಲಿ ಬೆಳೆಗಾರನಿಗೆ ಏನಾಯಿತು ಎಂಬುದನ್ನು ನೋಡೋಣ. ಅಮೆರಿಕದಲ್ಲೂ ನಮ್ಮ ಹಾಗೆ ಕೋಟಾ ಇತ್ತು, 1930ರ ದಶಕದಿಂದ. ಸರ್ಕಾರದ ಆರೋಗ್ಯಾಧಿಕಾರಿ 1964ರಲ್ಲಿ ಸಿಗರೇಟಿನಿಂದ ಕ್ಯಾನ್ಸರ್ ಎಂದು ವರದಿ ಕೊಟ್ಟರು. 1998ರಲ್ಲಿ 46 ರಾಜ್ಯಗಳು ಕಂಪನಿಗಳನ್ನು ಕೋರ್ಟಿಗೆಳೆದು, 25 ವರ್ಷಗಳಲ್ಲಿ 20,600 ಕೋಟಿ ಡಾಲರ್ ಕೊಡುವ ರಾಜಿಗೆ ಒಪ್ಪಿಸಿದವು. ನಮ್ಮ ಹುಣಸೂರಿನಂಥ ಹೊಗೆಸೊಪ್ಪಿನ ರಾಜ್ಯ ಕೆಂಟಕಿ, ತನ್ನ ಪಾಲಿಗೆ ಬಂದದ್ದರಲ್ಲಿ ಅರ್ಧ ಹಣವನ್ನು ಬೇಸಾಯಕ್ಕೇ ಎತ್ತಿಟ್ಟಿತು. 2004ರಲ್ಲಿ ಕೋಟಾ ಪದ್ಧತಿಯನ್ನೇ ರದ್ದು ಮಾಡಿದರು. ಸುಮ್ಮನೆ ರದ್ದು ಮಾಡಲಿಲ್ಲ. ಕೋಟಾ ಇದ್ದವನಿಗೆ ಪೌಂಡಿಗೆ 7 ಡಾಲರ್, ಬೆಳೆದವನಿಗೆ ಪೌಂಡಿಗೆ 3 ಡಾಲರ್, ಹತ್ತು ವರ್ಷದ ಕಂತಿನಲ್ಲಿ ಕೊಟ್ಟರು. ಒಟ್ಟು ಸಾವಿರ ಕೋಟಿ ಡಾಲರಿನ ಹತ್ತಿರ. ಆ ದುಡ್ಡು ಖಜಾನೆಯದಲ್ಲ, ಸಿಗರೇಟು ಕಂಪನಿಗಳಿಂದ ವಸೂಲು ಮಾಡಿದ್ದು.

ಅಲ್ಲಿ ಎಲ್ಲ ಸುಖವಾಯಿತೆಂದು ತಿಳಿಯಬೇಡಿ. ಕೋಟಾ ಹೋದ ಮೇಲೆ ಹರಾಜೂ ಹೋಯಿತು, ಕಂಪನಿ ತನಗೆ ಬೇಕಾದವನ ಜೊತೆ ನೇರ ಕರಾರು ಮಾಡಿಕೊಂಡಿತು. 2002ರಲ್ಲಿ ಸುಮಾರು 57 ಸಾವಿರ ಇದ್ದ ತಂಬಾಕು ಹಿಡುವಳಿಗಳು 2017ಕ್ಕೆ 6 ಸಾವಿರ ಚಿಲ್ಲರೆಗೆ ಬಂದವು. ಸಣ್ಣವನು ಹೊರಟ, ದೊಡ್ಡವನು ಉಳಿದ. ಹೊರಟವನು ಬರಿಗೈಯಲ್ಲಿ ಹೊರಡಲಿಲ್ಲ, ನಾನು ಹೇಳುವುದು ಅಷ್ಟನ್ನೇ. ನಮ್ಮಲ್ಲಿ ಲೈಸೆನ್ಸ್ ಬಿಟ್ಟವನ ಕೈಗೆ ಏನು ಬಂದಿದೆ? 2015-16ರಿಂದ ತಂಬಾಕಿಗೆ ಬದಲಿ ಬೆಳೆ ಅಂತ ಕೇಂದ್ರದ ಒಂದು ಯೋಜನೆ ಇದೆ. ಪ್ರಾತ್ಯಕ್ಷಿಕೆ, ತರಬೇತಿ, ಸ್ವಲ್ಪ ಬೀಜ. ಸಾಲದ ಮಾತಿಲ್ಲ, ಬೆಲೆಯ ಮಾತಿಲ್ಲ. ರಾಜಮಂಡ್ರಿಯ ತಂಬಾಕು ಸಂಶೋಧನಾ ಸಂಸ್ಥೆ ಈಚೆಗೆ ತನ್ನ ಹೆಸರಿನಿಂದಲೇ ತಂಬಾಕನ್ನು ತೆಗೆದು ವಾಣಿಜ್ಯ ಕೃಷಿಯ ಸಂಸ್ಥೆ ಎಂದು ಮಾಡಿಕೊಂಡಿದೆ. ಸಂಸ್ಥೆ ಬೋರ್ಡು ಬದಲಿಸಿದ ಹಾಗೆ ರೈತ ಬ್ಯಾರನ್ ಬದಲಿಸಲು ಆಗುವುದಿಲ್ಲ.

ಇದನ್ನೆಲ್ಲ ಕೇಳುವ ಹಕ್ಕು ನಮಗೆ ಕಾಗದದಲ್ಲೇ ಇದೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದ 2003ರಲ್ಲಾಯಿತು, 2004ರ ಫೆಬ್ರವರಿಯಲ್ಲಿ ಭಾರತ ಅದಕ್ಕೆ ಬದ್ಧವಾಯಿತು. ತೆರಿಗೆ ಹಾಕು ಎಂದು ಹೇಳುವುದು ಅದರ 6ನೇ ವಿಧಿ. ಬೆಳೆಗಾರನಿಗೆ, ಕೂಲಿಯವನಿಗೆ ಹೊಟ್ಟೆ ತುಂಬುವ ಬದಲಿ ದಾರಿಗೆ ನೆರವು ಕೊಡು ಎನ್ನುವುದು 17ನೇ ವಿಧಿ. ನಮ್ಮವರಿಗೆ ಆರರ ತನಕ ಓದಲು ಬಂತು, ಹದಿನೇಳರ ತನಕ ಬರಲಿಲ್ಲ. 2016ರ ನವೆಂಬರಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಆ ಒಪ್ಪಂದದ ದೇಶಗಳ ಸಭೆ ನಡೆದಾಗ ಬೆಳೆಗಾರರು ಹೊರಗೆ ನಿಂತು ಕೂಗಿದರು, ಒಳಗೆ ದನಿ ಇರಲಿಲ್ಲ. ಒಳಗಿನವರಿಗೆ ಬೆಳೆಗಾರನೂ ಕಂಪನಿಯೂ ಒಂದೇ ಹಾಗೆ ಕಂಡಿತು. ಅದಕ್ಕೆ ನಾವೂ ಸ್ವಲ್ಪ ಎಡೆ ಮಾಡಿಕೊಟ್ಟಿದ್ದೇವೆ. ಚಿತ್ರ ಬೇಡ, ತೆರಿಗೆ ಬೇಡ ಎನ್ನುವ ಅರ್ಜಿಗೆ ರೈತ ರುಜು ಹಾಕಿದಷ್ಟು ದಿನ ಹಾಗೇ ಕಾಣುತ್ತದೆ. ಕಂಪನಿಯ ವ್ಯಾಜ್ಯ ಕಂಪನಿ ಮಾಡಿಕೊಳ್ಳಲಿ, ಅದಕ್ಕೆ ವಕೀಲರಿದ್ದಾರೆ.

ನಮ್ಮ ಅರ್ಜಿ ಬೇರೆ. ಉದಾಹರಣೆಗೆ ಹೇಳುತ್ತೇನೆ. ಒಂದು ಬ್ಯಾರನ್ನಿಗೆ 1,500 ಕಿಲೋ ಲೈಸೆನ್ಸ್ ಇದೆ ಅನ್ನಿ. ಬಿಟ್ಟುಕೊಡುವವನಿಗೆ ಕಿಲೋಗೆ 200 ರೂಪಾಯಿ ಲೆಕ್ಕದಲ್ಲಿ ಕೊಟ್ಟರೆ 3 ಲಕ್ಷ ಆಯಿತು. ಬ್ಯಾರನ್ ಸಾಲ ತೀರಿಸಿ ಕೊಳವೆಬಾವಿಗೋ ಹಸುವಿಗೋ ತೋಟಕ್ಕೋ ಒಂದು ಆರಂಭವಾದರೂ ಆಗುತ್ತದೆ. ಈ ದುಡ್ಡು ಸಿಗರೇಟಿನ ಸುಂಕದಿಂದ ಬರಬೇಕು, ಕಂಪನಿಯಿಂದ ಬರಬೇಕು. ಬೇಡಿದ್ದು ಬೆಲೆ ಚೆನ್ನಾಗಿರುವಾಗಲೇ ಬೇಡಬೇಕು. 2023ರ ಹಂಗಾಮಿನಂತೆ ಕೊಳ್ಳುವವನು ಎಲೆಗೆ ಮೇಲೆ ಬೀಳುವಾಗ ನಮ್ಮ ಮಾತಿಗೆ ತೂಕ ಇರುತ್ತದೆ. ಎಲೆ ಬೇಡವಾದ ದಿನ ನಾವೂ ಬೇಡವಾಗುತ್ತೇವೆ.

ಈ ಮೇ ತಿಂಗಳು ನಾಟಿ ಮಾಡಲೋ ಬೇಡವೋ ಎಂದು ಆಗಲೇ ಒಬ್ಬರು ಕೇಳಿದರು. ಸಾಲ ಇರುವವನಿಗೆ ಬೇಡ ಅಂತ ಹೇಳುವ ಅಧಿಕಾರ ನನಗಿಲ್ಲ. ಹಾಕುವವರು ಲೈಸೆನ್ಸಿಗಿಂತ ಹೆಚ್ಚು ಹಾಕಬೇಡಿ, ಹೆಚ್ಚಿನ ಎಲೆಯೇ ಎಲ್ಲರ ಬೆಲೆ ಕೆಡಿಸುವುದು. ಮತ್ತೆ ಬರುವ ಸಭೆಗೆ ಪ್ರತಿಯೊಬ್ಬರೂ ಮೂರು ವರ್ಷದ ಹರಾಜು ಚೀಟಿ, ಬ್ಯಾಂಕು ಮುರಿದುಕೊಂಡ ಸಾಲದ ಲೆಕ್ಕ, ಸೌದೆ ಕೊಂಡ ಲೆಕ್ಕ ತನ್ನಿ. ಅಮೆರಿಕದಲ್ಲಿ ದುಡ್ಡು ಕೊಟ್ಟದ್ದು ಪೌಂಡಿನ ಮೇಲೆ, ಕಾಗದ ಇದ್ದವರಿಗೆ. ಲೈಸೆನ್ಸ್ ತಂದೆಯ ಹೆಸರಿನಲ್ಲೇ ಇದ್ದು ಮಗ ಬೆಳೆಯುತ್ತಿದ್ದರೆ, ಇನ್ನೊಬ್ಬರ ಬ್ಯಾರನ್ನಿನಲ್ಲಿ ವಾರಕ್ಕೆ ಬೆಳೆಯುತ್ತಿದ್ದರೆ, ಆ ಹೆಸರುಗಳನ್ನೂ ಬೇರೆ ಪಟ್ಟಿಯಲ್ಲಿ ಬರೆಸಿ. ಪುಸ್ತಕ ಕಾರ್ಯದರ್ಶಿಗಳ ಹತ್ತಿರ ಇದೆ.